ಎರಡನೇ ಸಾಕ್ಷಿ

ಪುಸ್ತಕದ ಕೊನೆಯ ಪುಟಗಳನ್ನು ಯಾರು ಓದುತ್ತಾರೆ ಹೇಳಿ? ಕೊಲೆಗಾರ ಸಿಕ್ಕಿಬಿದ್ದ, ನಾಯಕಿಯ ಕಣ್ಣೀರು ಒಣಗಿತು ಅಂದಮೇಲೆ ಪುಸ್ತಕ ಮುಚ್ಚಿ ದಿಂಬಿನ ಕೆಳಗೆ ತುರುಕುವವರೇ ಎಲ್ಲ. ಅದರಾಚೆ ಸಣ್ಣ ಅಕ್ಷರದಲ್ಲಿ ಹತ್ತು ಹನ್ನೆರಡು ಪುಟ ಇರುತ್ತವೆ, ಹಳೆಯ ಮಾತುಗಳ ಅರ್ಥ ಅಂತ. ಆ ಹತ್ತು ಹನ್ನೆರಡು ಪುಟಕ್ಕಾಗಿ ಕಣ್ಣು, ಸೊಂಟ, ಚಪ್ಪಲಿ ಮೂರನ್ನೂ ಸವೆಸಿದ ಒಬ್ಬ ಹೆಂಗಸಿನ ಕಥೆ ಇದು. ಓದುವವರಿಲ್ಲ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಲವತ್ತು ವರ್ಷ ಮಾಡಿದಳು. ಹುಚ್ಚು ಅನ್ನಿ, ಹಟ ಅನ್ನಿ, ನಿಮ್ಮಿಷ್ಟ.

ಪ್ರೆಸ್ಸಿನಲ್ಲಿ ಎಲ್ಲರ ಬಾಯಲ್ಲೂ ಅವಳು ಪ್ರೂಫಮ್ಮ. ಪ್ರೂಫ್ ತಿದ್ದುವುದು ಸಂಬಳದ ಕೆಲಸ, ಅರ್ಥ ಹುಡುಕುವುದು ಮನಸ್ಸಿನ ಕೆಲಸ. ಅವರ ಪ್ರೆಸ್ಸು ಐವತ್ತು ಅರವತ್ತು ವರ್ಷದ ಹಿಂದಿನ ಅಗ್ಗದ ಕಾದಂಬರಿಗಳನ್ನು ಮತ್ತೆ ಅಚ್ಚು ಹಾಕುತ್ತಿತ್ತು. ಅವುಗಳಲ್ಲಿ ಬರುವ ಜೇಬುಗಳ್ಳರು, ಜೂಜುಕೋರರು, ಗಾಡಿ ಹೊಡೆಯುವವರು ಆಡುವ ಮಾತು ಈಗಿನವರಿಗೆ ಕಬ್ಬಿಣದ ಕಡಲೆ. 'ಮಾವನ ಮನೆ' ಅಂದರೆ ಜೈಲು ಅಂತ ಬೀದಿಯ ಮಗುವಿಗೂ ಗೊತ್ತು, ಅದನ್ನು ಬಿಡಿ. 'ಗೂಬೆಗೆ ಎಣ್ಣೆ ಹಾಕಿದೆ' ಅಂದರೆ? ರಾತ್ರಿ ಪಾಳಿಯ ಕಾವಲುಗಾರನ ಕೈ ಬೆಚ್ಚಗೆ ಮಾಡಿದೆ ಅಂತ. ಅದೊಂದನ್ನು ಪತ್ತೆ ಹಚ್ಚಲು ಅವಳು ಮೂರು ತಿಂಗಳು ಅಲೆದಿದ್ದಳು. ನಿಘಂಟಿನಲ್ಲಿ ಇಂಥವು ಸಿಗುವುದಿಲ್ಲ. ನಿಘಂಟು ಬರೆದವರು ಮರ್ಯಾದಸ್ಥರು, ಅವರ ಕಿವಿಗೆ ಈ ಮಾತು ಬಿದ್ದದ್ದೇ ಇಲ್ಲ.

ಅವಳಿಗೆ ಈ ಕೆಲಸ ಕಲಿಸಿದ್ದು ಪ್ರೆಸ್ಸಿನ ಹಳೆಯ ಯಜಮಾನರು. ಅವರದು ಒಂದೇ ಕಟ್ಟಳೆ: ಒಬ್ಬ ಹೇಳಿದರೆ ಊಹೆ, ಇಬ್ಬರು ಹೇಳಿದರೆ ಅರ್ಥ. ಆ ಮಾತನ್ನು ತಮ್ಮ ಬಾಯಲ್ಲೇ ಆಡಿ ಬದುಕಿದ ಇಬ್ಬರು ಬೇಕು. ಒಬ್ಬ ಹೇಳಿದ್ದು ಇನ್ನೊಬ್ಬನಿಗೆ ತಿಳಿದಿರಬಾರದು. ಕಾದಂಬರಿಯ ಸಾಲನ್ನಷ್ಟೇ ಓದಿ ಹೇಳಬೇಕು, ಬಾಯಿ ಮುಚ್ಚಿಕೊಂಡು ಕೇಳಬೇಕು, ಯಾರು ಯಾವಾಗ ಎಲ್ಲಿ ಆಡುತ್ತಿದ್ದರು ಅಂತ ಗುರುತು ಕೇಳಿ ಚೀಟಿಯಲ್ಲಿ ಬರೆದುಕೊಳ್ಳಬೇಕು. ಅಚ್ಚಾಗುವಾಗ ಅರ್ಥದ ಕೆಳಗೆ ಇಬ್ಬರು ಸಾಕ್ಷಿಗಳ ಹೆಸರು, ಕಸಬು, ವಿಳಾಸ. ಸಾಕ್ಷಿ ಸಿಗದಿದ್ದರೆ 'ಅರ್ಥ ತಿಳಿಯದು' ಅಂತ ಹಾಕಿ ತಲೆ ತಗ್ಗಿಸಬೇಕು. ಯಜಮಾನರು ಹೋಗಿ, ಮಗ ಗಾದಿಗೆ ಬಂದು, ಅವನ ಕೂದಲೂ ನರೆಯತೊಡಗಿತ್ತು. ಅವಳು ಹನ್ನೊಂದು ಪುಸ್ತಕಗಳಿಗೆ ಅರ್ಥ ಬರೆದಿದ್ದಳು. 'ಅರ್ಥ ತಿಳಿಯದು' ಅಂತ ಒಂದು ಕಡೆಯೂ ಇರಲಿಲ್ಲ. ಆ ವಿಷಯದಲ್ಲಿ ಅವಳಿಗೆ ಸಣ್ಣ ಜಂಬವೇ ಇತ್ತು, ಸುಳ್ಳೇಕೆ.

ಮನೆಯಲ್ಲಿ ಅವಳು ಮತ್ತು ಅಣ್ಣ ಇಬ್ಬರೇ. ಅವಳಿಗೆ ಅರವತ್ತು, ಅವನಿಗೆ ಎಪ್ಪತ್ಮೂರು. ಅತ್ತಿಗೆ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮನೆಯ ಮುಂದಿನ ಕೋಣೆಯೇ ಅಣ್ಣನ ದರ್ಜಿ ಅಂಗಡಿ. ಮಿಷನ್ನಿನ ಸೂಜಿಗೆ ಯಾವಾಗಲೋ ಸಿಕ್ಕಿ ಅವನ ಬಲಗೈ ಕಿರುಬೆರಳು ಸೆಟೆದುಹೋಗಿತ್ತು, ಮಡಿಸಲು ಬರುತ್ತಿರಲಿಲ್ಲ. ದಾರ ಪೋಣಿಸುವಾಗ ಹಲ್ಲಿನ ಸಂದಿಯಿಂದ ಸಣ್ಣಗೆ ಸಿಳ್ಳೆ ಬರುತ್ತಿತ್ತು. "ದಾರಕ್ಕೆ ಲಾಲಿ ಹಾಡ್ತಾರೆ ನಿಮ್ಮಣ್ಣ" ಅಂತ ಅತ್ತಿಗೆ ಆಡಿಕೊಳ್ಳುತ್ತಿದ್ದಳು. ಅಮ್ಮ ಸತ್ತಾಗ ಇವಳಿಗೆ ಒಂಬತ್ತು ವರ್ಷ. ಅಂದಿನಿಂದ ತಲೆ ಬಾಚಿ ಜಡೆ ಹೆಣೆದದ್ದು ಆ ಕೈಯೇ. ಹೆಣೆಯುವಾಗ ಮಡಿಸಲಾಗದ ಆ ಬೆರಳು ಅವಳ ಕುತ್ತಿಗೆಗೆ ಚುಚ್ಚುತ್ತಿತ್ತು. "ಅಣ್ಣಾ, ಬೆರಳು!" ಅಂತ ಕಿರುಚಿದರೆ, "ಅದು ನನ್ನ ಮಾತು ಕೇಳಲ್ಲ ಪುಟ್ಟಿ" ಅನ್ನುತ್ತಿದ್ದ. ಓದಿಸಿದವನೂ ಅವನೇ. ಅವಳ ಪಾಲಿಗೆ ತಂದೆ ತಾಯಿ ದೇವರು ದಿಂಡರು ಎಲ್ಲ ಸೇರಿ ಒಬ್ಬ ಅಣ್ಣ.

ಅವನದು ಒಂದು ವಿಚಿತ್ರವಿತ್ತು. ಯಾರೂ ಅವನನ್ನು ಒಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕುವಂತಿರಲಿಲ್ಲ, ತಮಾಷೆಗೂ ಕೂಡ. ಒಳಗಿನ ಚಿಲಕ ಮಾತ್ರ ಸದಾ ಬಿಗಿ, ಅದನ್ನು ತೆಗೆಯುವವನೂ ಅವನೇ. ಹಾಗಾಗಿ ಸಂಜೆ ಕೆಲಸ ಮುಗಿಸಿ ಬಂದು ಅವಳು ಬಾಗಿಲಲ್ಲಿ ನಿಂತು "ಅಣ್ಣಾ, ಬಾಗಿಲು!" ಅನ್ನಬೇಕು, ಒಳಗೆ ಮಿಷನ್ನು ನಿಲ್ಲಬೇಕು, ಚಿಲಕ ಸರಿಯಬೇಕು. ನಲವತ್ತು ವರ್ಷದಿಂದ ಹೀಗೆಯೇ. ಒಮ್ಮೆಯೂ ಅವಳು ಬಾಗಿಲು ತಟ್ಟಿದವಳಲ್ಲ.

ಹನ್ನೆರಡನೆಯ ಪುಸ್ತಕ ಹುಡುಗರ ಜೈಲಿನ ಕಥೆ. ಹೆಸರಿಗೆ ಸುಧಾರಣಾ ಶಾಲೆ. ಸುಧಾರಿಸಿದ್ದು ಯಾರನ್ನೋ ಆ ದೇವರೇ ಬಲ್ಲ. ಸಿಕ್ಕಸಿಕ್ಕ ಬಡ ಹುಡುಗರನ್ನು ಹಿಡಿದು ತಂದು ಎತ್ತರದ ಗೋಡೆಯ ಒಳಗೆ ತುಂಬುತ್ತಿದ್ದ ಜಾಗ. ಬರೆದವನು ಅಲ್ಲೇ ಇದ್ದು ಬಂದವನಿರಬೇಕು, ಹುಡುಗರ ಗುಟ್ಟಿನ ಭಾಷೆಯನ್ನು ಹಸಿಹಸಿಯಾಗಿ ಬಡಿಸಿದ್ದ. ಅವಳು ಮೊದಲ ಓದಿಗೆ ಮೂವತ್ತೆರಡು ಚೀಟಿ ಬರೆದಳು. ಎಲ್ಲವೂ ಖಾಲಿ. ಈ ಸಲ ಜಂಬ ಮಣ್ಣುಪಾಲು ಅಂತ ಅವಳಿಗೇ ಅನ್ನಿಸಿತು.

ಅಷ್ಟರಲ್ಲಿ ಪ್ರೆಸ್ಸಿನ ಬೀರುವಿನ ಬೀಗ ಕೆಟ್ಟು, ಕೋರ್ಟಿನ ಎದುರಿನ ಫುಟ್‌ಪಾತಿನಲ್ಲಿ ಕೂರುವ ಬೀಗದ ಮುದುಕನನ್ನು ಕರೆಸಿದರು. ಈ ಊರಿಗೆ ಬಂದು ಎರಡು ವರ್ಷವಾಗಿತ್ತಂತೆ, ಮಗಳ ಮನೆಯಲ್ಲಿ ವಾಸ. ಬೀಗಕ್ಕೆ ಕಿವಿ ಹಚ್ಚಿ ತಂತಿ ತಿರುವುತ್ತಿದ್ದವನ ಕಣ್ಣು ಮೇಜಿನ ಮೇಲಿದ್ದ ಚೀಟಿಗೆ ಬಿತ್ತು. 'ಕೋಟೆ ಕಟ್ಟಿ ತಿಂದ' ಅಂತ ಅದರಲ್ಲಿ ಬರೆದಿತ್ತು. ಮುದುಕ ತಂತಿ ಕೆಳಗಿಟ್ಟು, ಕೂತಲ್ಲೇ ಎಡಗೈಯನ್ನು ಇಲ್ಲದ ತಟ್ಟೆಯ ಸುತ್ತ ಬಳಸಿ, ಅದರ ಮೇಲೆ ಬಗ್ಗಿ, ಬಲಗೈಯಿಂದ ಗಬಗಬ ತಿಂದು ತೋರಿಸಿದ. "ಇದು ಕೋಟೆ, ಅಮ್ಮಾ. ಇಲ್ಲಾಂದ್ರೆ ಪಕ್ಕದೋನು ಕಿತ್ಕೊಳ್ತಾನೆ." ಪ್ರೂಫಮ್ಮನಿಗೆ ಹೋದ ಜೀವ ಬಂದಂತಾಯಿತು. ಮೊದಲನೇ ಸಾಕ್ಷಿ ತಾನೇ ನಡೆದು ಬಂದಿದ್ದ.

ಎರಡನೇ ಸಾಕ್ಷಿಯನ್ನೂ ಕಷ್ಟಪಟ್ಟು ಹುಡುಕಿದಳು. ಅಂಥದೇ ಶಾಲೆಯಲ್ಲಿ ಅಡುಗೆ ಮಾಡಿ ನಿವೃತ್ತನಾದವನು. ಮುದುಕ ಹೇಳಿದ್ದನ್ನು ಅಡುಗೆಯವನೂ ಹೇಳಿದ. 'ಉಪ್ಪು ಸೋರಿಸು' ಅಂದರೆ ಸದ್ದಿಲ್ಲದೆ ಅಳುವುದು. 'ಬೇರು' ಅಂದರೆ ಹೊರಗಿನಿಂದ ಬರುವ ಕಾಗದ. ಒಂದೊಂದೇ ಚೀಟಿ ತುಂಬಿತು. ಒಂದು ದಿನ ಊಟಕ್ಕೆ ಕೂತಾಗ ಅವಳಿಗೆ ಯಾಕೋ ಅಣ್ಣನ ಕಡೆ ದೃಷ್ಟಿ ಹೋಯಿತು. ಎಡಗೈಯನ್ನು ತಟ್ಟೆಯ ಸುತ್ತ ಬಳಸಿ, ಬಗ್ಗಿ ತಿನ್ನುತ್ತಿದ್ದ. ಚಿಕ್ಕಂದಿನಿಂದ ಕಂಡದ್ದೇ. ಹಸಿದ ಮನೆಯ ಮಕ್ಕಳೆಲ್ಲ ಹೀಗೇ ತಿನ್ನುತ್ತಾರೆ ಅಂತ ತನಗೆ ತಾನೇ ಹೇಳಿಕೊಂಡು ಅವಳು ತುತ್ತು ನುಂಗಿದಳು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳಂತೆ ಅನ್ನುವ ಗಾದೆ ಬೇರೆಯವರಿಗೆ ಹೇಳಲು ಚೆಂದ.

ಕೊನೆಗೆ ಉಳಿದದ್ದು ಒಂದೇ ಮಾತು, ಹಿಡಿಕೆ. ಪುಸ್ತಕದಲ್ಲಿ ಅದು ಎರಡು ಕಡೆ ಬರುತ್ತಿತ್ತು. 'ಹಿಡಿಕೆಗೆ ಮಾತ್ರ ಎರಡು ಸೌಟು ಗಂಜಿ' ಅಂತ ಒಂದು ಕಡೆ. 'ಹಿಡಿಕೆ ಅಂಗಳಕ್ಕೆ ಇಳಿದ, ಹುಡುಗರೆಲ್ಲ ತಮ್ಮ ತಮ್ಮ ಕಾಲು ನೋಡಿಕೊಂಡರು' ಅಂತ ಇನ್ನೊಂದು ಕಡೆ. ಮೊದಲ ಸಾಲು ನೋಡಿ ಅವಳು ಅಡುಗೆಮನೆಯಲ್ಲಿ ಸೌಟು ಹಿಡಿಯುವ ಹುಡುಗನಿರಬೇಕು ಅಂದುಕೊಂಡಳು. ಆದರೆ ಕಾಲು ಯಾಕೆ ನೋಡಿಕೊಳ್ಳಬೇಕು? ಅಡುಗೆಯವನ ಮುಂದೆ ಆ ಸಾಲು ಓದಿದ ಕೂಡಲೇ ಅವನು ಎದ್ದು ನಿಂತ. "ನನಗೆ ಗೊತ್ತಿಲ್ಲ. ಇನ್ನು ನೀವು ಬರ್ಬೇಡಿ" ಅಂದವನೇ ಮುಖದ ಮೇಲೆ ಬಾಗಿಲು ಹಾಕಿದ.

ಅವಳು ನೆಟ್ಟಗೆ ಕೋರ್ಟಿನ ಎದುರಿಗೆ ಹೋದಳು. ಮಧ್ಯಾಹ್ನದ ಬಿಸಿಲು. ಬೀಗದ ಮುದುಕ ಹಳೆಯ ಛತ್ರಿಯ ಕೆಳಗೆ ಕೂತು ಕೀಲಿಕೈ ಉಜ್ಜುತ್ತಿದ್ದ. ಗಿರಾಕಿಯ ಸ್ಟೂಲಿನ ಮೇಲೆ ಕೂತು ಅವಳು ಸಾಲು ಓದಿದಳು. ಮುದುಕ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಹೊಡೆಯೋನು ಮೇಷ್ಟ್ರು" ಅಂದ. "ಹಿಡಿಯೋನು ನಮ್ಮೋನೇ. ಬೆಂಚಿನ ಮೇಲೆ ಬೋರಲು ಮಲಗಿಸ್ತಾರೆ. ಕಾಲು ಒದ್ದಾಡಬಾರ್ದಲ್ಲ? ಅದಕ್ಕೆ ಹುಡುಗರಲ್ಲೇ ಒಬ್ಬ ಗಟ್ಟಿಯೋನನ್ನ ಆರಿಸ್ತಾರೆ, ಕಾಲು ಅದುಮಿ ಹಿಡ್ಕೊಳ್ಳೋಕೆ. ಅವನೇ ಹಿಡಿಕೆ. ಆ ಕೆಲಸಕ್ಕೆ ಅವನಿಗೆ ಎರಡನೇ ಸೌಟು."

ಅವಳ ಕೈ ತನ್ನಪಾಡಿಗೆ ಚೀಟಿ ತುಂಬುತ್ತಿತ್ತು. ನಲವತ್ತು ವರ್ಷದ ಅಭ್ಯಾಸ ನೋಡಿ, ಎದುರಿನವನ ಮನೆ ಸುಡುತ್ತಿದ್ದರೂ ಬೆಂಕಿಯ ಬಣ್ಣ ಯಾವುದು ಅಂತ ಕೇಳುವ ಜಾತಿ ಇದು. "ಗುರುತು ಹೇಳಿ. ಯಾರು, ಯಾವಾಗ, ಎಲ್ಲಿ?" ಅಂದಳು.

"ನನ್ನ ತಮ್ಮನ ಕಾಲು ಹಿಡಿದೋನು" ಅಂದ ಮುದುಕ. "ರೈಲ್ವೆ ಸ್ಟೇಷನ್ನಿನಲ್ಲಿ ಮಲಗಿದ್ವಿ ಅಂತ ಇಬ್ಬರನ್ನೂ ಹಿಡ್ಕೊಂಡು ಹೋಗಿದ್ರು. ನನಗೆ ಹನ್ನೆರಡು, ಅವನಿಗೆ ಹತ್ತು. ಉಗ್ರಾಣದಲ್ಲಿ ಸಕ್ಕರೆ ಕದ್ದ ಅಂತ ಅಂಗಳದಲ್ಲಿ ಮಲಗಿಸಿದ್ರು. ಮೂರನೇ ದಿನ ಸತ್ತ. ಜ್ವರ ಅಂತ ಬರೆದ್ರು. ಆ ಹಿಡಿಕೆ ಹೊಲಿಗೆ ಕೋಣೆಯೋನು, ನಮಗಿಂತ ದೊಡ್ಡೋನು. ಎಲ್ಲಿಂದಲೋ ಹಿತ್ತಾಳೆ ನಲ್ಲಿ ಕದ್ದು ಬಂದಿದ್ದನಂತೆ. ಹೆಸರು ಗೊತ್ತಿಲ್ಲ, ಅಲ್ಲಿ ನಂಬರೇ. ಬಲಗೈ ಕಿರುಬೆರಳು ಸೆಟೆದಿತ್ತು. ದಾರ ಪೋಣಿಸುವಾಗ ಹಲ್ಲಲ್ಲಿ ಸಿಳ್ಳೆ ಹಾಕೋನು."

ಇಷ್ಟನ್ನೂ ಅವಳು ದುಂಡಾಗಿ ಬರೆದುಕೊಂಡಳು. 'ಸಿಳ್ಳೆ' ಅಂತ ಬರೆದು ಮುಗಿಸಿದ ಮೇಲೆ ತಾನು ಬರೆದದ್ದನ್ನು ಓದಿದಳು. ಅವಳು ಹುಟ್ಟಿದ ವರ್ಷ ಅಣ್ಣ ದೂರದ ನೆಂಟರ ಹತ್ತಿರ ಹೊಲಿಗೆ ಕಲಿಯಲು ಹೋದನಂತೆ, ಅವಳಿಗೆ ನಾಲ್ಕು ತುಂಬಿದಾಗ ವಾಪಸ್ಸು ಬಂದನಂತೆ. ಅಮ್ಮ ಹಾಗೆ ಹೇಳಿದ್ದಳು. ಆ ನೆಂಟರು ಯಾರು ಅಂತ ಒಂದು ದಿನವೂ ಇವಳು ಕೇಳಿರಲಿಲ್ಲ. ಊರವರನ್ನೆಲ್ಲ ಗುರುತು ಕೇಳುತ್ತ ತಿರುಗಿದವಳು!

"ಅರವತ್ತು ವರ್ಷದಿಂದ ದರ್ಜಿ ಅಂಗಡಿ ಕಂಡಲ್ಲೆಲ್ಲ ಇಣುಕ್ತೀನಿ, ಅಮ್ಮಾ" ಅಂದ ಮುದುಕ. "ಮುಖ ನೋಡಲ್ಲ, ಕೈ ನೋಡ್ತೀನಿ."

"ಸಿಕ್ಕಿದ್ರೆ ಏನು ಮಾಡ್ತೀರಿ?"

"ಒಂದು ಮಾತು ಕೇಳ್ಬೇಕು. ಒಂದೇ." ಅವನು ಕೀಲಿಕೈ ಕೆಳಗಿಟ್ಟು ಅವಳನ್ನು ದಿಟ್ಟಿಸಿದ. "ನಾನು ಬೀಗ ಬಿಚ್ಚೋನು. ಒಳಗೆ ಕಟ್ ಅಂದದ್ದು ನನಗೆ ಹೊರಗಿಂದ ಕೇಳಿಸುತ್ತೆ. ನಿಮಗೆ ಅವನು ಗೊತ್ತು."

"ಇಲ್ಲ" ಅಂದಳು ಪ್ರೂಫಮ್ಮ. ಸಾಕ್ಷಿಯ ಮುಂದೆ ಅವಳು ಹೇಳಿದ ಮೊದಲ ಸುಳ್ಳು ಅದು. ಚೀಟಿ ಮಡಚಿ, ಕನ್ನಡಕದ ಡಬ್ಬಿಯೊಳಗೆ ತುರುಕಿ, ಹಿಂದೆ ನೋಡದೆ ನಡೆದಳು.

ಆಮೇಲಿನ ಹತ್ತು ದಿನ ಅವಳದು ಬಾಳಲ್ಲ. ಅಣ್ಣ ಸಿಳ್ಳೆ ಹಾಕಿದರೆ ಬೆಚ್ಚುವಳು. ತಟ್ಟೆಯ ಸುತ್ತ ಕೈ ಬಳಸಿದರೆ ಕಣ್ಣು ಬೇರೆ ಕಡೆ ತಿರುಗಿಸುವಳು. ಸಿಟ್ಟು ಬರುತ್ತಿತ್ತು, ಮರುಕ ಬರುತ್ತಿತ್ತು, ಎರಡೂ ಒಟ್ಟಿಗೇ ಬರುತ್ತಿದ್ದವು. ಹದಿಮೂರು ಹದಿನಾಲ್ಕರ ಹಸಿದ ಹುಡುಗ, ಅವನೇನು ಮಾಡಿಯಾನು ಅಂತ ಒಂದು ಮನಸ್ಸು. ಸತ್ತವನಿಗೆ ಹತ್ತೇ ವರ್ಷವಲ್ಲವೇ ಅಂತ ಇನ್ನೊಂದು. ತನ್ನ ಜಡೆ ಹೆಣೆದ ಕೈ ಅದೇ ಕೈ. ಕನ್ನಡಿಯಲ್ಲಿ ಕುತ್ತಿಗೆ ನೋಡಿಕೊಂಡು, ಆ ಬೆರಳು ಚುಚ್ಚುತ್ತಿದ್ದ ಜಾಗ ಮುಟ್ಟಿಕೊಂಡು, ಒಂದು ಬೆಳಿಗ್ಗೆ ಅವಳು ಸದ್ದಿಲ್ಲದೆ ಅತ್ತಳು. ಅದಕ್ಕೂ ಆ ಹುಡುಗರ ಭಾಷೆಯಲ್ಲಿ ಮಾತಿತ್ತಲ್ಲ, ಅದೂ ಅವಳಿಗೆ ನೆನಪಾಯಿತು.

ಪ್ರೆಸ್ಸಿನಲ್ಲಿ ಚಿಕ್ಕ ಯಜಮಾನ ತಲೆ ತಿನ್ನತೊಡಗಿದ್ದ. "ಪ್ರೂಫಮ್ಮಾ, ಒಂದು ಪದಕ್ಕೋಸ್ಕರ ಮಿಷನ್ನು ನಿಲ್ಲಿಸ್ಲಾ? ಶುಕ್ರವಾರ ಸಂಜೆಯೊಳಗೆ ಕೊಡಿ. ಆಗದಿದ್ರೆ 'ತಿಳಿಯದು' ಅಂತ ಹಾಕಿ, ಪ್ರಪಂಚ ಮುಳುಗೋಲ್ಲ." ತಿಳಿಯದು! ತಿಳಿದದ್ದೇ ಅವಳ ಸಂಕಟವಾಗಿತ್ತು. ಗುರುವಾರ ಮೇಜಿನ ಮುಂದೆ ಕೂತು ಹೊಸ ಚೀಟಿ ತೆಗೆದು 'ಹಿಡಿಕೆ: ಅಡುಗೆಮನೆಯಲ್ಲಿ ಸೌಟು ಹಿಡಿಯುವ ಹುಡುಗ' ಅಂತ ಬರೆದಳು. ಸಾಕ್ಷಿಯ ಜಾಗದಲ್ಲಿ ಇಲ್ಲದ ಇಬ್ಬರ ಹೆಸರು ಕಟ್ಟಿದಳು. ಓದುವವರೇ ಇಲ್ಲದ ಪುಟ, ಯಾರಿಗೆ ಗೊತ್ತಾಗಬೇಕು? ಅಣ್ಣ ಉಳಿದ, ಅರ್ಥವೂ ಉಳಿಯಿತು, ಪುಸ್ತಕವೂ ಹೊರಬಂತು. ಆದರೆ ಸಹಿ ಹಾಕಲು ಹೋದರೆ ಕೈ ಓಡಲಿಲ್ಲ. ಸಹಿ ಇಲ್ಲದ ಚೀಟಿಯನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು.

ಅಣ್ಣ ಯಾರದೋ ಪ್ಯಾಂಟಿನ ಅಂಚು ಹೊಲಿಯುತ್ತಿದ್ದ. ಅವಳು ಚಹಾ ಮಾಡಿ ತಂದಿಟ್ಟು ಎದುರಿಗೆ ಕೂತಳು.

"ಏನು ಪುಟ್ಟಿ, ವಾರದಿಂದ ಮುಖ ಊದಿಸ್ಕೊಂಡಿದ್ದೀಯ? ನಾನೇನಾದ್ರೂ ತಪ್ಪು ಮಾಡಿದ್ನಾ?"

ಅವನು ನಗುತ್ತಲೇ ಕೇಳಿದ್ದು. ಆ ನಗುವೇ ಅವಳನ್ನು ಕೆಡಿಸಿತು. ಹೇಳಬಾರದು ಅಂತ ಹತ್ತು ದಿನ ತುಟಿ ಹೊಲಿದುಕೊಂಡಿದ್ದವಳು ಕನ್ನಡಕದ ಡಬ್ಬಿ ತೆಗೆದಳು. ಎಲ್ಲ ಸಾಕ್ಷಿಗಳಿಗೂ ಓದುವ ಹಾಗೆ ಸಾಲನ್ನಷ್ಟೇ ಓದಿದಳು: "ಹಿಡಿಕೆ ಅಂಗಳಕ್ಕೆ ಇಳಿದ, ಹುಡುಗರೆಲ್ಲ ತಮ್ಮ ತಮ್ಮ ಕಾಲು ನೋಡಿಕೊಂಡರು."

ಮಿಷನ್ನು ನಿಂತಿತು. ಅಣ್ಣ ಬಟ್ಟೆಯ ಮೇಲಿನ ಕೈ ತೆಗೆಯಲಿಲ್ಲ.

"ಬೆಂಚಿನ ಮೇಲೆ ಮಲಗಿಸಿದೋನ ಕಾಲು ಹಿಡಿಯೋ ಹುಡುಗ" ಅಂದ. ದನಿ ಬದಲಾಗಿರಲಿಲ್ಲ. "ಮಂಡಿಯ ಹಿಂಭಾಗ ಒಂದು ಕೈ, ಹಿಮ್ಮಡಿಯ ಮೇಲೆ ಒಂದು ಕೈ. ಹಾಗೆ ಹಿಡೀಬೇಕು. ಮೊದಲನೇ ಸಾಕ್ಷಿ ಯಾರು?"

"ಅದನ್ನ ಹೇಳೋ ಹಾಗಿಲ್ಲ ಅಣ್ಣಾ." ಅಭ್ಯಾಸಬಲದಿಂದ ಹಾಗೆ ಅಂದವಳು, ಮರುಗಳಿಗೆಗೆ ಎಲ್ಲವನ್ನೂ ಹೇಳಿಬಿಟ್ಟಳು. ಕೋರ್ಟಿನ ಎದುರಿನ ಛತ್ರಿ, ಬೀಗದವನು, ಅವನ ತಮ್ಮ, ಸಕ್ಕರೆ. "ನೀನು ಅಲ್ಲ ಅನ್ನು ಅಣ್ಣಾ. ಬೇರೆ ಯಾರೋ ಅನ್ನು. ನಾನು ನಂಬ್ತೀನಿ."

"ಚಿಕ್ಕವನು" ಅಂದ ಅಣ್ಣ. "ಕಾಲು ಎಷ್ಟು ಸಣ್ಣ ಇದ್ವು ಅಂದ್ರೆ, ಎರಡನ್ನೂ ಒಂದೇ ಕೈಯಲ್ಲಿ ಹಿಡೀಬಹುದಿತ್ತು."

"ನಿನ್ನನ್ನ ಬಲವಂತ ಮಾಡಿರ್ತಾರೆ."

"ಮೊದಲ ಸಲ ಮಾಡಿದ್ರು. ಆಮೇಲೆ ಕರೆದ ಕೂಡ್ಲೆ ಹೋಗ್ತಿದ್ದೆ. ಎರಡನೇ ಸೌಟು ಸಿಗ್ತಿತ್ತಲ್ಲ." ಅವನು ತಣ್ಣಗಾದ ಚಹಾವನ್ನು ಪಕ್ಕಕ್ಕೆ ಸರಿಸಿದ. "ಉಪ್ಪು ತಿಂದೋನು ನೀರು ಕುಡೀಲೇಬೇಕು ಪುಟ್ಟಿ. ನಾನು ತಿಂದದ್ದು ಬರೀ ಉಪ್ಪಲ್ಲ. ಚೀಟಿ ತೆಗಿ. ಎರಡನೇ ಸಾಕ್ಷಿ ಬರ್ಕೋ. ಹೆಸರು, ಕಸಬು, ವಿಳಾಸ."

"ಅಣ್ಣಾ, ಬೇಡ! ಬೀದಿಯೋರೆಲ್ಲ ಮಕ್ಕಳನ್ನ ಕರ್ಕೊಂಡು ಬಂದು ನಿನ್ನ ಹತ್ರ ಅಳತೆ ಕೊಡಿಸ್ತಾರೆ. ನಾಳೆ ಯಾರಾದ್ರೂ ಓದಿದ್ರೆ?"

"ನಲವತ್ತು ವರ್ಷ ಊಟಕ್ಕೆ ಕೂತಾಗೆಲ್ಲ ನಿನ್ನ ಯಜಮಾನರ ಕಟ್ಟಳೆ ಕೇಳಿಸ್ಕೊಂಡಿದ್ದೀನಿ. ಒಬ್ಬ ಹೇಳಿದ್ರೆ ಊಹೆ. ಆ ಮನುಷ್ಯ ಅರವತ್ತು ವರ್ಷ ಬರೀ ಊಹೆ ಇಟ್ಕೊಂಡು ಬದುಕಿದ್ದಾನೆ." ಅವನು ಎದ್ದು ಇಸ್ತ್ರಿಪೆಟ್ಟಿಗೆ ಹುಡುಕತೊಡಗಿದ. "ನಾಳೆ ಬೆಳಿಗ್ಗೆ ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗು."

ಶುಕ್ರವಾರ ಬೆಳಿಗ್ಗೆ ಅಣ್ಣ ತಾನೇ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಟ. ರಸ್ತೆ ದಾಟುವಾಗ ಎಂದಿನಂತೆ ಅವಳ ಮುಂಗೈ ಹಿಡಿಯಲು ಅವನು ಕೈ ಚಾಚಿದ, ಅವಳು ಚೀಲವನ್ನು ಆ ಕೈಗೆ ಬದಲಾಯಿಸಿಕೊಂಡಳು. ಬೇಕೆಂದು ಮಾಡಿದ್ದಲ್ಲ. ಆದರೆ ಅವನಿಗೆ ತಿಳಿಯಿತು. ಕೈ ಹಿಂದಕ್ಕೆ ತೆಗೆದುಕೊಂಡ.

ಬೀಗದ ಮುದುಕ ಆಗಷ್ಟೇ ಛತ್ರಿ ಬಿಚ್ಚಿ ಕೂತಿದ್ದ. ಅಣ್ಣ ಅವನ ಮುಂದೆ ನಿಂತು ಬಲಗೈಯನ್ನು ಅಂಗೈ ಕೆಳಗಾಗಿ ಚಾಚಿದ. ನಾಲ್ಕು ಬೆರಳು ಬಾಗಿದವು, ಒಂದು ಬಾಗಲಿಲ್ಲ. ಮುದುಕ ಆ ಕೈ ನೋಡಿದ. ಆಮೇಲೆ ಕಾಲಿನಿಂದ ಗಿರಾಕಿಯ ಸ್ಟೂಲನ್ನು ಮುಂದಕ್ಕೆ ತಳ್ಳಿ "ಕೂತ್ಕೋ" ಅಂದ.

ಅಣ್ಣ ಕೂತ. ಪ್ರೂಫಮ್ಮ ಬಿಸಿಲಲ್ಲೇ ನಿಂತಳು. ಮುದುಕನ ಮುಂದೆ ಸುತ್ತಿಗೆ, ಅರ, ಚಾಣ ಎಲ್ಲ ಹರಡಿದ್ದವು. ಏನಾದರೂ ಆದರೆ ನಡುವೆ ಬೀಳಬೇಕು ಅಂತ ಅವಳು ಒಂದು ಹೆಜ್ಜೆ ಮುಂದೆ ಬಂದಳು. ಮುದುಕ ಸುತ್ತಿಗೆ ಮುಟ್ಟಲಿಲ್ಲ.

"ಒಂದೇ ಮಾತು ಕೇಳ್ತೀನಿ" ಅಂದ. "ಅವನು ಏನಂದ? ನೀನು ಹತ್ತಿರ ಇದ್ದೆ."

"'ಕಾಲು ಬಿಡಣ್ಣಾ' ಅಂದ" ಅಂದ ಅಣ್ಣ. "ಮೂರು ಸಲ. ನಾನು ಬಿಡಲಿಲ್ಲ."

"ಮೂರಲ್ಲ. ನಾಲ್ಕು."

ಅಣ್ಣ ತಲೆ ಎತ್ತಿದ.

"ನಾನು ಸಾಲಿನಲ್ಲಿ ನಿಂತು ಎಣಿಸಿದ್ದೀನಿ. ನಾಲ್ಕನೇ ಸಲ ಕಾಲು ಅನ್ನಲಿಲ್ಲ, ಬಿಡು ಅನ್ನಲಿಲ್ಲ. ಬರೀ 'ಅಣ್ಣಾ' ಅಂದ. ಅದು ನಿನ್ನನ್ನಲ್ಲ. ನನ್ನ ಕಡೆ ಕತ್ತು ತಿರುಗಿಸಿ ನನ್ನನ್ನ ಕರೆದದ್ದು." ಮುದುಕನ ಕೈಯಲ್ಲಿ ಒಂದು ಸಣ್ಣ ಕೀಲಿಕೈ ಇತ್ತು, ಅದನ್ನೇ ತಿರುವುತ್ತಿದ್ದ. "ಉಗ್ರಾಣದ ಬೀಗ ತೆಗೆದದ್ದು ನಾನು. ತಂತಿಯಲ್ಲಿ. ಅವನಿಗೆ ಬೀಗ ತೆಗೆಯೋಕೆ ಎಲ್ಲಿ ಬರ್ತಿತ್ತು? ಸಕ್ಕರೆ ಅವನ ಜೇಬಲ್ಲಿ ಸಿಕ್ತು ಅಷ್ಟೆ. ಒಂದು ಹೆಜ್ಜೆ ಮುಂದೆ ಬಂದು 'ನಾನು' ಅಂದಿದ್ರೆ ಬೆಂಚಿನ ಮೇಲೆ ನಾನಿರ್ತಿದ್ದೆ. ಬರಲಿಲ್ಲ. ಜ್ವರ ಬಂದು ಹೋದ ಅಂತ ಅವ್ವನಿಗೆ ಹೇಳ್ದೆ. ನಿನ್ನನ್ನ ಹುಡುಕ್ತಾ ಇದ್ರೆ ನನ್ನ ಕಡೆ ನೋಡ್ಕೋಬೇಕಾಗಿರಲಿಲ್ಲ, ಅದಕ್ಕೆ ಹುಡುಕಿದೆ."

ಯಾರೋ ಗಿರಾಕಿ ಬಂದು ಸೂಟ್‌ಕೇಸಿನ ಬೀಗ ಆಗುತ್ತದಾ ಅಂತ ಕೇಳಿದ. ಮುದುಕ "ಆಮೇಲೆ ಬಾ" ಅಂದ. ಅಣ್ಣ ಏನೋ ಹೇಳಲು ಬಾಯಿ ತೆರೆದ. ತಪ್ಪಾಯಿತು ಅನ್ನುವುದಿತ್ತೋ ಏನೋ. ಮುದುಕ ಕೈ ಅಡ್ಡ ಆಡಿಸಿದ. "ಬೇಡ. ಅದನ್ನ ತಗೊಂಡು ನಾನೇನು ಮಾಡ್ಲಿ? ಹೋಗು ಇನ್ನು."

ಅಣ್ಣ ಎದ್ದ. ತಂಗಿಯ ಕಡೆ ನೋಡದೆ ಮನೆಯ ದಾರಿ ಹಿಡಿದ. ಬಿಳಿ ಅಂಗಿಯ ಬೆನ್ನು ಬೆವರಿನಲ್ಲಿ ಪೂರ್ತಿ ಒದ್ದೆಯಾಗಿತ್ತು.

ಪ್ರೂಫಮ್ಮ ಅದೇ ಸ್ಟೂಲಿನ ಮೇಲೆ ಕೂತು ಮಡಿಲಲ್ಲಿ ಚೀಟಿ ಇಟ್ಟುಕೊಂಡು ಎರಡೂ ಹೆಸರು ಬರೆದಳು. ಬೀಗ ರಿಪೇರಿಯವನು ಒಬ್ಬ, ದರ್ಜಿ ಒಬ್ಬ. ಮುದುಕ ಓದಿಸಿ ಕೇಳಿದ.

"ಸರಿಯಾಗಿದೆ" ಅಂದ. ಆಮೇಲೆ ಸ್ವಲ್ಪ ಯೋಚಿಸಿ ಕೇಳಿದ: "ಅಮ್ಮಾ, ಆ ಪುಸ್ತಕದಲ್ಲಿ ಹೊಡೆಯೋನಿಗೆ ಒಂದು ಹೆಸರಿದೆ, ಹಿಡಿಯೋನಿಗೆ ಒಂದು ಹೆಸರಿದೆ. ಸಾಲಲ್ಲಿ ಸುಮ್ಮನೆ ನಿಂತು ನೋಡಿದೋರಿಗೆ ಇದೆಯಾ?"

ಅವಳಿಗೆ ಪುಸ್ತಕ ಬಾಯಿಪಾಠವಾಗಿತ್ತು. "ಇಲ್ಲ" ಅಂದಳು.

"ನಾವೂ ಇಟ್ಟಿರಲಿಲ್ಲ. ಅದರಲ್ಲಿ ಎಲ್ಲರೂ ಇದ್ವಲ್ಲ" ಅಂದು ಮುದುಕ ಅರ ಕೈಗೆತ್ತಿಕೊಂಡ.

ಪ್ರೆಸ್ಸಿನಲ್ಲಿ ಚಿಕ್ಕ ಯಜಮಾನ ಚೀಟಿ ಓದಿ, ಎರಡನೇ ಸಾಕ್ಷಿಯ ವಿಳಾಸ ನೋಡಿ, ಮತ್ತೆ ಅವಳ ಮುಖ ನೋಡಿದ. ಅದೇ ಮನೆಯಲ್ಲಿ ಅವನು ಹುಡುಗನಾಗಿದ್ದಾಗ ಚಡ್ಡಿಗೆ ಅಳತೆ ಕೊಟ್ಟಿದ್ದ. "ಪ್ರೂಫಮ್ಮಾ, ಈ ಒಂದಕ್ಕೆ ಹೆಸರು ಬಿಟ್ಟುಬಿಡೋಣ್ವಾ?" ಅಂದ ಮೆಲ್ಲಗೆ.

"ಇಬ್ಬರೂ ಹಾಕು ಅಂದಿದ್ದಾರೆ" ಅಂದಳು. ಚೀಲದಲ್ಲಿದ್ದ ಸುಳ್ಳು ಚೀಟಿಯನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದಳು. ಕೊನೆಯ ಪ್ರೂಫು ಸಂಜೆ ಕೈಗೆ ಬಂತು. ಅಣ್ಣನ ಹೆಸರಿನ ಅಕ್ಷರಗಳನ್ನು ಪೆನ್ಸಿಲಿನ ತುದಿಯಿಂದ ಒಂದೊಂದಾಗಿ ಮುಟ್ಟಿ ನೋಡಿ, ತಪ್ಪಿಲ್ಲ ಅಂತ ಸಹಿ ಹಾಕಿ ಎದ್ದಳು. ಹನ್ನೆರಡನೆಯ ಪುಸ್ತಕದಲ್ಲೂ 'ಅರ್ಥ ತಿಳಿಯದು' ಅಂತ ಎಲ್ಲಿಯೂ ಬರಲಿಲ್ಲ.

ಮನೆ ಮುಟ್ಟಿದಾಗ ಬೀದಿದೀಪ ಆಗಷ್ಟೇ ಹತ್ತಿತ್ತು. ಒಳಗೆ ಮಿಷನ್ನು ಓಡುತ್ತಿತ್ತು. ಅವಳು ಎಂದಿನ ಜಾಗದಲ್ಲಿ, ಎಂದಿನಂತೆ ಚೀಲವನ್ನು ಹೆಗಲಿಂದ ಇಳಿಸಿ, ಕೂಗಲು ಬಾಯಿ ತೆರೆದಳು.

ಮಾತು ಬರಲಿಲ್ಲ. ನಾಲ್ಕು ವರ್ಷದವಳಾಗಿದ್ದಾಗಿನಿಂದ ದಿನಕ್ಕೆ ನೂರು ಸಲ ಆಡಿದ ಮಾತು, ಬಿದ್ದಾಗ, ಬೆಚ್ಚಿದಾಗ, ಹಸಿದಾಗ ಎಲ್ಲಕ್ಕಿಂತ ಮೊದಲು ಬಾಯಿಗೆ ಬರುತ್ತಿದ್ದ ಮಾತು ಗಂಟಲಲ್ಲೇ ನಿಂತಿತು. ಅದನ್ನು ಅವನಿಗೆ ಇನ್ನೊಬ್ಬ ಅವಳಿಗಿಂತ ಮೊದಲೇ ಅಂದಿದ್ದ, ಮೂರು ಸಲ. ಅವಳು ಇನ್ನೊಮ್ಮೆ ಪ್ರಯತ್ನಪಟ್ಟಳು. ಆಗಲಿಲ್ಲ. ಕೊನೆಗೆ ಕೈ ಎತ್ತಿ ಬಾಗಿಲು ತಟ್ಟಿದಳು.

ಮಿಷನ್ನು ನಿಂತಿತು. "ಯಾರು?" ಅಂತ ಅಣ್ಣನ ದನಿ ಕೇಳಿಸಿತು.

"ನಾನು" ಅಂದಳು.

ಅವನು ಚಿಲಕದ ಹತ್ತಿರ ಬಂದು ನಿಂತದ್ದು ಅವಳಿಗೆ ಗೊತ್ತಾಯಿತು, ಅವನ ಉಸಿರು ಕೇಳಿಸುತ್ತಿತ್ತು. ಅವನು ಕಾಯುತ್ತಿದ್ದ. ಅವಳೂ ಕಾದಳು. ಆ ಮಾತು ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಚಿಲಕ ಸರಿಯಿತು. ಅಣ್ಣ ಬಾಗಿಲು ತೆಗೆದು, ಅವಳ ಮುಖ ನೋಡದೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ದಾರಿ ಬಿಟ್ಟು ಪಕ್ಕಕ್ಕೆ ನಿಂತ.